ಅಡಿಲೇಡ್‌ನಿಂದ ಡಾರ್ವಿನ್‌ಗೆ ಕ್ಯಾಂಪರ್‌ವ್ಯಾನ್‌ನಲ್ಲಿ: ತಿಂಗಳು ಆರಿಸುವುದರಿಂದ ಕೀಲಿ ವಾಪಸ್ ಕೊಡುವವರೆಗೆ

ಆಸ್ಟ್ರೇಲಿಯಾದ ದಕ್ಷಿಣ ಕರಾವಳಿಯಿಂದ ಉತ್ತರ ಕರಾವಳಿವರೆಗಿನ ಈ ದಾರಿಯನ್ನು ಮೊದಲ ಸಲ ಕ್ಯಾಂಪರ್‌ವ್ಯಾನ್‌ನಲ್ಲಿ, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ಗಾಡಿಯಲ್ಲಿ, ಹಿಡಿದಾಗ ನಾವು ಲೆಕ್ಕ ಹಾಕಿದ್ದು ಬರೀ ಕಿಲೋಮೀಟರ್. ಎರ್ಲ್‌ಡಂಡಾದಲ್ಲಿ ಸಂಜೆ ನಾಲ್ಕೂವರೆಗೆ ಡೀಸೆಲ್ ಹಾಕಿಸಿದೆವು. ಆಲಿಸ್ ಸ್ಪ್ರಿಂಗ್ಸ್ ಇನ್ನು 200 ಕಿ.ಮೀ. ತಾನೇ, ಎರಡು ಗಂಟೆ ದಾರಿ, ಅಲ್ಲೇ ಹೋಗಿ ಅನ್ನ ಮಾಡೋಣ ಅಂತ ಹೊರಟೆವು. ಜುಲೈ ತಿಂಗಳು, ಆರು ಗಂಟೆಗೆಲ್ಲ ಸೂರ್ಯ ಮುಳುಗಿದ. ಹತ್ತೇ ನಿಮಿಷದಲ್ಲಿ ಹೆಡ್‌ಲೈಟ್ ಬೆಳಕಿನಲ್ಲಿ ಎರಡು ಕಣ್ಣು ಹೊಳೆದವು. ಕಪ್ಪು ರಸ್ತೆ ಮಧ್ಯೆ ಕಪ್ಪು ದನ. ವ್ಯಾನ್ ನಿಂತದ್ದು ಅದರಿಂದ ಮೂರು ನಾಲ್ಕು ಮಾರು ದೂರದಲ್ಲಿ. ಒಳಗಿದ್ದ ತಟ್ಟೆ, ಲೋಟ, ಅಕ್ಕಿ ಡಬ್ಬ ಎಲ್ಲ ನೆಲಕ್ಕೆ ಬಿದ್ದಿದ್ದವು. ಹೆಂಡತಿ ಅರ್ಧ ಗಂಟೆ ಮಾತೇ ಆಡಲಿಲ್ಲ.

ಎರಡನೇ ಸಲ ಹೋಗುವಾಗ ಇಡೀ ಯೋಜನೆಯನ್ನು ಬೇರೆ ಥರ ಮಾಡಿದೆ. ದೂರ ಎಷ್ಟು ಅನ್ನುವುದನ್ನು ಬದಿಗಿಟ್ಟು ಬೆಳಕು ಎಷ್ಟು ಹೊತ್ತು ಇರುತ್ತದೆ ಅಂತ ನೋಡಿದೆ. ಡೀಸೆಲ್, ನೀರು, ಊಟ, ನಿದ್ದೆ ಎಲ್ಲ ಆ ಲೆಕ್ಕಕ್ಕೆ ಹೊಂದಿಕೊಂಡವು. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತೇನೆ. ಆಸ್ಟ್ರೇಲಿಯಾದಲ್ಲೇ ಇರುವವರಿಗೂ, ಊರಿನಿಂದ ರಜೆಗೆ ಬರುವವರಿಗೂ ಇದು ಉಪಯೋಗಕ್ಕೆ ಬರಬಹುದು.

ಹಂತ 1: ತಿಂಗಳು

ಮೇ ತಿಂಗಳಿನಿಂದ ಸೆಪ್ಟೆಂಬರ್ ಒಳಗೆ ಹೋಗಿ. ಜುಲೈನಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಹಗಲು 20 ಡಿಗ್ರಿ ಆಸುಪಾಸು, ರಾತ್ರಿ 4ಕ್ಕೆ ಇಳಿಯುತ್ತದೆ. ಕೆಲವು ರಾತ್ರಿ ಸೊನ್ನೆಗಿಂತ ಕೆಳಗೂ ಹೋಗುತ್ತದೆ. ಮರುಭೂಮಿ ಅಂದರೆ ಬರೀ ಸೆಕೆ ಅಂತ ತೆಳು ಹೊದಿಕೆ ತಂದವರನ್ನು ನೋಡಿದ್ದೇನೆ, ಬೆಳಗಿನ ಜಾವ ಪಾಪ ಅನ್ನಿಸುತ್ತದೆ. ದಪ್ಪ ಕಂಬಳಿ, ಕಿವಿ ಮುಚ್ಚುವ ಟೋಪಿ ಬೇಕೇ ಬೇಕು.

ಡಿಸೆಂಬರ್, ಜನವರಿಯಲ್ಲಿ ಅದೇ ಜಾಗದಲ್ಲಿ 40 ದಾಟುವುದು ಸಾಮಾನ್ಯ. ಅದೇ ಹೊತ್ತಿಗೆ ಉತ್ತರದಲ್ಲಿ ಮಳೆಗಾಲ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಡಾರ್ವಿನ್ ಸುತ್ತಮುತ್ತ ಎಷ್ಟೋ ಜಲಪಾತ, ಮಡುಗಳು ಮುಚ್ಚಿರುತ್ತವೆ. ನಡುವಿನ ಒಣ ಸೀಮೆಯಲ್ಲೂ ನೆರೆ ಬರುತ್ತದೆ. 2022ರ ಜನವರಿಯಲ್ಲಿ ಗ್ಲೆಂಡಾಂಬೊ ಹತ್ತಿರ ಹೆದ್ದಾರಿಯೇ ನೀರಿನಲ್ಲಿ ಮುಳುಗಿ, ಕೂಬರ್ ಪೀಡಿ ಊರಿಗೆ ವಾಯುಪಡೆಯ ವಿಮಾನದಲ್ಲಿ ದಿನಸಿ ತಂದಿಳಿಸಬೇಕಾಯಿತು.

ಹಂತ 2: ವ್ಯಾನ್ ಮತ್ತು ಒಪ್ಪಂದದ ಸಣ್ಣ ಅಕ್ಷರ

ಈ ದಾರಿಗೆ ಫೋರ್ ವೀಲ್ ಡ್ರೈವ್ ಬೇಕಿಲ್ಲ. ಸ್ಟುವರ್ಟ್ ಹೈವೇ ಪೂರ್ತಿ ಟಾರು, ಉಲುರು ಅನ್ನುವ ಹೆಸರಾಂತ ದೊಡ್ಡ ಬಂಡೆಯ ಕಡೆಗೆ ಹೋಗುವ ಲಾಸೆಟರ್ ಹೈವೇ ಕೂಡ ಟಾರು. ಇಬ್ಬರಿಗೆ ಟೊಯೋಟಾ ಹೈಏಸ್ ಅಳತೆಯ ವ್ಯಾನ್ ಸಾಕು. ಮಕ್ಕಳು, ಅಪ್ಪ ಅಮ್ಮ ಜೊತೆಗಿದ್ದರೆ ಒಳಗೇ ಟಾಯ್ಲೆಟ್ ಇರುವ ದೊಡ್ಡ ಗಾಡಿ ತೆಗೆದುಕೊಳ್ಳಿ. ವಯಸ್ಸಾದವರನ್ನು ರಾತ್ರಿ ಚಳಿಯಲ್ಲಿ ಟಾರ್ಚ್ ಹಿಡಿದು ಹೊರಗೆ ಕಳಿಸುವುದು ಬೇಡ.

ಲೈಸೆನ್ಸ್ ವಿಷಯ ಸುಲಭ. ಕರ್ನಾಟಕದ ಕಾರ್ಡ್ ಇಂಗ್ಲಿಷ್‌ನಲ್ಲಿದೆ, ಅಲ್ಲೂ ನಮ್ಮ ಹಾಗೆ ಎಡಗಡೆ ಓಡಿಸುವುದು. ಆದರೂ ಹೊರಡುವ ಮೊದಲು ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡು ಬನ್ನಿ. ಬಾಡಿಗೆ ಕೌಂಟರ್‌ನಲ್ಲಿ ಕೇಳಿದಾಗ ವಾದ ಮಾಡುತ್ತಾ ನಿಲ್ಲುವ ಕಷ್ಟ ತಪ್ಪುತ್ತದೆ.

ಒಪ್ಪಂದದಲ್ಲಿ ಕೆಲವು ಸಾಲುಗಳನ್ನು ಹುಡುಕಿ ಓದಿ. ಮಣ್ಣಿನ ರಸ್ತೆಗೆ ಇಳಿಸಬಹುದಾ? ಊರಿನ ಹೊರಗೆ ಕತ್ತಲಾದ ಮೇಲೆ ಓಡಿಸಬಹುದಾ? ಹೆಚ್ಚಿನ ಕಡೆ ಇದಕ್ಕೆ ಇಲ್ಲ ಅಂತಲೇ ಬರೆದಿರುತ್ತದೆ. ಅಂದರೆ ರಾತ್ರಿ ಕಾಂಗರೂಗೆ ಗುದ್ದಿದರೆ ರಿಪೇರಿ ಖರ್ಚು ಪೂರ್ತಿ ನಿಮ್ಮ ತಲೆಗೆ ಬರಬಹುದು. ಬೇರೆ ಗಾಡಿಯ ಪಾತ್ರವಿಲ್ಲದೆ ವ್ಯಾನ್ ಪಲ್ಟಿಯಾದರೆ, ಛಾವಣಿಗೆ ಅಥವಾ ಗಾಡಿಯ ತಳಕ್ಕೆ ಪೆಟ್ಟಾದರೆ ವಿಮೆ ಇದೆಯಾ? ಇದನ್ನೂ ಕೇಳಿ. ಒಂದು ಊರಲ್ಲಿ ತೆಗೆದುಕೊಂಡು ಇನ್ನೊಂದು ಊರಲ್ಲಿ ಬಿಡುವುದಕ್ಕೆ ಬೇರೆ ಶುಲ್ಕ ಇರುತ್ತದೆ, ಅದು ಕೆಲವೊಮ್ಮೆ ಕೊನೆಯ ಪುಟದಲ್ಲಿ ಕೂತಿರುತ್ತದೆ.

ವ್ಯಾನ್ ಕೈಗೆ ಬಂದ ದಿನ ಒಂದು ಗಂಟೆ ಅಲ್ಲೇ ನಿಲ್ಲಿ, ನಾಚಿಕೊಳ್ಳಬೇಡಿ. ಸ್ಟೆಪ್ನಿ ಎಲ್ಲಿದೆ ನೋಡಿ, ಅದಕ್ಕೂ ಗಾಳಿ ಇದೆಯಾ ನೋಡಿ, ಜಾಕ್ ತೆಗೆದು ಕೈಯಲ್ಲಿ ಹಿಡಿಯಿರಿ. ಒಲೆ ಹಚ್ಚಿ. ಫ್ರಿಜ್ ತಣ್ಣಗಾಗುತ್ತದಾ ನೋಡಿ. ನೀರಿನ ಪಂಪ್ ಓಡಿಸಿ. ನಮಗೆ ಮೊದಲ ಸಲ ಕೊಟ್ಟ ವ್ಯಾನಿನ ಗ್ಯಾಸ್ ಸಿಲಿಂಡರ್ ಹೆಚ್ಚು ಕಡಿಮೆ ಖಾಲಿ ಇತ್ತು. ಎತ್ತಿ ನೋಡಿದ್ದರೆ ಗೊತ್ತಾಗುತ್ತಿತ್ತು, ನೋಡಿರಲಿಲ್ಲ. ಎರಡನೇ ರಾತ್ರಿ ಅರ್ಧ ಬೆಂದ ಅನ್ನ ತಿಂದೆವು.

ಹಂತ 3: ದಾರಿಯನ್ನು ದಿನಗಳಾಗಿ ಒಡೆಯುವುದು

ಅಡಿಲೇಡ್‌ನಿಂದ ಪೋರ್ಟ್ ಅಗಸ್ಟಾ ಸುಮಾರು 310 ಕಿ.ಮೀ. ಅಲ್ಲಿಂದ ಡಾರ್ವಿನ್‌ವರೆಗೆ ಸ್ಟುವರ್ಟ್ ಹೈವೇ, ಸುಮಾರು 2,700 ಕಿ.ಮೀ. ಉಲುರುಗೆ ಹೋಗಿ ಬರುವುದು ಸೇರಿದರೆ ಇನ್ನೊಂದು 500. ಜಾನ್ ಮೆಕ್‌ಡೌಲ್ ಸ್ಟುವರ್ಟ್ ಅನ್ನುವವರು 1861-62ರಲ್ಲಿ ದಕ್ಷಿಣದಿಂದ ಉತ್ತರಕ್ಕೆ ಕುದುರೆಗಳ ಮೇಲೆ ದಾಟಿದ್ದರು, ರಸ್ತೆಗೆ ಅವರದೇ ಹೆಸರು. 15 ದಿನ ಇಟ್ಟುಕೊಳ್ಳಿ. 10 ದಿನದಲ್ಲೂ ಮುಗಿಸಬಹುದು, ಆದರೆ ಬರೀ ಸ್ಟೀರಿಂಗ್ ಹಿಡಿದುಕೊಂಡಿದ್ದೇ ನೆನಪಿರುತ್ತದೆ.

ಈಗ ಬೆಳಕಿನ ಲೆಕ್ಕ. ಜುಲೈನಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಏಳೂಕಾಲರ ಸುಮಾರಿಗೆ, ಮುಳುಗುವುದು ಆರರ ಆಸುಪಾಸು. ಮುಂಜಾನೆ ಮತ್ತು ಮುಸ್ಸಂಜೆ ಕಾಂಗರೂಗಳು ಮೇಯಲು ರಸ್ತೆ ಬದಿಗೆ ಬರುತ್ತವೆ. ಹಾಗಾಗಿ ಎಂಟೂವರೆಗೆ ಹೊರಟು ನಾಲ್ಕೂವರೆಗೆ ಗಾಡಿ ನಿಲ್ಲಿಸಬೇಕು. ಸಿಗುವುದು ಎಂಟು ಗಂಟೆ. ಅದರಲ್ಲಿ ಊಟ, ಕಾಫಿ, ಡೀಸೆಲ್, ನೋಡಬೇಕಾದ್ದು ಎಲ್ಲ ಕಳೆದರೆ ಓಡಿಸುವುದು ಐದು ಗಂಟೆ. ಅಂದರೆ ದಿನಕ್ಕೆ 400 ಕಿ.ಮೀ. ಒಂದೆರಡು ದಿನ 500 ಆಗುತ್ತದೆ, ಆಗ ಮರುದಿನ ಕಡಿಮೆ ಇಡಿ.

ನಾವು ಮಾಡಿದ್ದು ಹೀಗೆ. ಮೊದಲ ದಿನ ಪೋರ್ಟ್ ಅಗಸ್ಟಾ, ಆಲಿಸ್ ಸ್ಪ್ರಿಂಗ್ಸ್ ಸಿಗುವವರೆಗೆ ಕೊನೆಯ ದೊಡ್ಡ ಸಂತೆ ಅಲ್ಲೇ. ಎರಡನೇ ದಿನ ಪಿಂಬಾ ದಾಟಿ ಹಾರ್ಟ್ ಸರೋವರದ ಬಿಳಿ ಉಪ್ಪು ನೋಡಿಕೊಂಡು ಗ್ಲೆಂಡಾಂಬೊ. ಆ ಭಾಗದಲ್ಲಿ ಹೈವೇ ವೂಮೆರಾ ಸೇನಾ ಪರೀಕ್ಷಾ ಪ್ರದೇಶದ ಒಳಗೇ ಹಾದುಹೋಗುತ್ತದೆ, ಆದ್ದರಿಂದ ಸಿಕ್ಕಸಿಕ್ಕ ಕಡೆ ರಸ್ತೆ ಬಿಟ್ಟು ಒಳಗೆ ಹೋಗುವಂತಿಲ್ಲ. ಮೂರನೇ ದಿನ ಕೂಬರ್ ಪೀಡಿ. 1915ರಲ್ಲಿ ಓಪಲ್ ಅನ್ನುವ ರತ್ನ ಸಿಕ್ಕ ಊರು ಇದು. ಸೆಕೆ ತಡೆಯಲಾರದೆ ಜನ ಗುಡ್ಡ ಕೊರೆದು ನೆಲದೊಳಗೇ ಮನೆ ಮಾಡಿಕೊಂಡಿದ್ದಾರೆ. ಒಳಗೆ ವರ್ಷವಿಡೀ ಹಿತವಾದ ತಂಪು. ಒಂದು ಪೂರ್ತಿ ದಿನ ಇಲ್ಲಿ ಕೊಡಿ. ಊರಿನ ಹೊರಗೆ ಹಳೆಯ ಗಣಿ ಗುಂಡಿಗಳು ಎಲ್ಲೆಲ್ಲೂ ಇವೆ, ಫೋಟೊ ತೆಗೆಯುತ್ತಾ ಹಿಂದಕ್ಕೆ ಹೆಜ್ಜೆ ಇಡಬೇಡಿ ಅಂತ ಬೋರ್ಡೇ ಹಾಕಿದ್ದಾರೆ. ಮಕ್ಕಳ ಕೈ ಬಿಡಬೇಡಿ.

ಆಮೇಲೆ ಮಾರ್ಲಾ, ಸೌತ್ ಆಸ್ಟ್ರೇಲಿಯಾದ ಗಡಿ ದಾಟಿ ನಾರ್ದರ್ನ್ ಟೆರಿಟರಿಯ ಕಲ್ಗೇರಾ, ಎರ್ಲ್‌ಡಂಡಾ. ಈ ದಿನ ಉದ್ದ, ಸುಮಾರು 490 ಕಿ.ಮೀ. ಮರುದಿನ ಎಡಕ್ಕೆ ತಿರುಗಿ ಉಲುರು ಹತ್ತಿರ ತಂಗುವ ಊರು ಯುಲಾರಾ, 245. ಉಲುರು ಬಂಡೆಗೂ, ಅದರ ಹತ್ತಿರದ ಕಾಟಾ ಜುಟಾ ಅನ್ನುವ ಗುಂಡು ಬಂಡೆಗಳ ಗುಂಪಿಗೂ ಎರಡು ರಾತ್ರಿಯಾದರೂ ಬೇಕು, ಮೂರಾದರೆ ಇನ್ನೂ ಒಳ್ಳೆಯದು. ಅಲ್ಲಿಂದ ಆಲಿಸ್ ಸ್ಪ್ರಿಂಗ್ಸ್, ಎರಡು ರಾತ್ರಿ ವಿಶ್ರಾಂತಿ, ಬಟ್ಟೆ ಒಗೆಯುವುದು, ಸಂತೆ. ಮುಂದೆ ಕಾರ್ಲು ಕಾರ್ಲು, ಅಂದರೆ ಡೆವಿಲ್ಸ್ ಮಾರ್ಬಲ್ಸ್ ಅಂತ ಕರೆಯುತ್ತಿದ್ದ ಗುಂಡುಕಲ್ಲುಗಳ ಜಾಗ. ಟೆನೆಂಟ್ ಕ್ರೀಕ್‌ನಿಂದ 100 ಕಿ.ಮೀ. ಈಚೆ. ಹಂಪಿಯ ಬಂಡೆಗಳನ್ನು ನೋಡಿ ಬೆಳೆದವರಿಗೆ ಇಲ್ಲಿ ಸಂಜೆ ಬಿಸಿಲಿನಲ್ಲಿ ಕೂತರೆ ಎದ್ದು ಬರಲು ಮನಸ್ಸಾಗುವುದಿಲ್ಲ. ಆಮೇಲೆ ಡೇಲಿ ವಾಟರ್ಸ್, ಮಟರಂಕಾ, ಕ್ಯಾಥರೀನ್, ಡಾರ್ವಿನ್. ಮಟರಂಕಾದ ಬಿಟರ್ ಸ್ಪ್ರಿಂಗ್ಸ್‌ನಲ್ಲಿ ಬೆಚ್ಚಗಿನ ತಿಳಿನೀರು ಹರಿಯುತ್ತದೆ. ಹತ್ತು ದಿನದ ಕೆಂಧೂಳು ಅಲ್ಲಿ ಇಳಿಯಿತು.

ಹಂತ 4: ಡೀಸೆಲ್ ಮತ್ತು ನೀರು

ಗ್ಲೆಂಡಾಂಬೊ ಬಿಟ್ಟರೆ ಕೂಬರ್ ಪೀಡಿವರೆಗೆ 250 ಕಿ.ಮೀ. ಚಿಲ್ಲರೆ ಏನೂ ಇಲ್ಲ. ಬೆಂಗಳೂರಿನಿಂದ ದಾವಣಗೆರೆವರೆಗೆ ಒಂದೇ ಒಂದು ಬಂಕ್ ಇಲ್ಲ, ಚಹಾ ಅಂಗಡಿ ಇಲ್ಲ, ಮನೆ ಇಲ್ಲ ಅಂದುಕೊಳ್ಳಿ. ಹೈಏಸ್ ಅಳತೆಯ ವ್ಯಾನ್ 100 ಕಿ.ಮೀ.ಗೆ 11-12 ಲೀಟರ್ ಕುಡಿಯುತ್ತದೆ, ಟ್ಯಾಂಕ್ 70 ಲೀಟರ್ ಇದ್ದರೆ ಸಾಕಾಗುತ್ತದೆ ಅನ್ನಿಸುತ್ತದೆ. ಆದರೆ ಎದುರುಗಾಳಿ ಬೀಸಿದರೆ ಈ ಎತ್ತರದ ಗಾಡಿ ಎಷ್ಟು ಜಾಸ್ತಿ ಕುಡಿಯುತ್ತದೆ ಅಂತ ಓಡಿಸಿದವರಿಗೇ ಗೊತ್ತು. ಅರ್ಧ ಟ್ಯಾಂಕ್ ಆಗುವ ಮೊದಲೇ ತುಂಬಿಸಿ, ಬೆಲೆ ನೋಡಬೇಡಿ. ಮುಂದಿನ ರೋಡ್‌ಹೌಸ್‌ನಲ್ಲಿ, ಅಂದರೆ ಹೈವೇ ಬದಿಯ ಬಂಕ್ ಮತ್ತು ಹೋಟೆಲಿನಲ್ಲಿ, ಅಗ್ಗ ಇರಬಹುದು ಅಂತ ಕಾಯಬೇಡಿ. ಅದು ಮುಚ್ಚಿರಲೂಬಹುದು, ಅಥವಾ ಕರೆಂಟ್ ಹೋಗಿ ಪಂಪ್ ಓಡದೆ ಇರಬಹುದು. ಕಾರ್ಡ್ ಮೆಷಿನ್ ಕೈಕೊಟ್ಟರೆ ಅಂತ ಸ್ವಲ್ಪ ನೋಟು ಇಟ್ಟುಕೊಳ್ಳಿ.

ಪೆಟ್ರೋಲ್ ಗಾಡಿಯವರಿಗೆ ಒಂದು ಮಾತು. ನಡುವಿನ ಪ್ರದೇಶದಲ್ಲಿ ಎಷ್ಟೋ ಬಂಕ್‌ಗಳಲ್ಲಿ ಮಾಮೂಲಿ ಪೆಟ್ರೋಲ್ ಬದಲು ಓಪಲ್ ಅನ್ನುವ ಇಂಧನ ಇರುತ್ತದೆ. ಪೆಟ್ರೋಲ್ ಮೂಸಿ ಮಕ್ಕಳು ಹಾಳಾಗುತ್ತಿದ್ದುದನ್ನು ತಡೆಯಲು ತಂದ ಇಂಧನ ಇದು. ಇಂಜಿನ್‌ಗೆ ಏನೂ ಆಗುವುದಿಲ್ಲ, ಧೈರ್ಯವಾಗಿ ಹಾಕಿಸಿ.

ನೀರು ತಲೆಗೆ ದಿನಕ್ಕೆ 10 ಲೀಟರ್ ಲೆಕ್ಕದಲ್ಲಿ, ಕನಿಷ್ಠ ಎರಡು ದಿನಕ್ಕಾಗುವಷ್ಟು, ಬೇರೆ ಕ್ಯಾನ್‌ಗಳಲ್ಲಿ ಇಡಿ. ವ್ಯಾನಿನ ಟ್ಯಾಂಕ್ ಲೆಕ್ಕಕ್ಕೆ ಬೇಡ, ಅದು ಪಾತ್ರೆ ತೊಳೆಯುವುದಕ್ಕೆ. ಪಂಪ್ ಕೆಟ್ಟರೆ, ಪೈಪ್ ಸೋರಿದರೆ ಟ್ಯಾಂಕಿನ ನೀರು ಹೋದ ಹಾಗೇ. ರೋಡ್‌ಹೌಸ್ ನಲ್ಲಿಗಳಲ್ಲಿ ಕೆಲವು ಕಡೆ ಬೋರ್‌ವೆಲ್‌ನ ಉಪ್ಪು ನೀರು, ಕುಡಿಯಬಹುದಾ ಅಂತ ಕೇಳಿಯೇ ಹಿಡಿಯಿರಿ. ಕೂಬರ್ ಪೀಡಿಯಲ್ಲಿ ನಾಣ್ಯ ಹಾಕಿದರೆ ಕುಡಿಯುವ ನೀರು ಕೊಡುವ ಯಂತ್ರ ಇದೆ.

ಹಂತ 5: ಅಡುಗೆ

ರೋಡ್‌ಹೌಸ್‌ನಲ್ಲಿ ಸಸ್ಯಾಹಾರಿಗಳಿಗೆ ಸಿಗುವುದು ಹುರಿದ ಆಲೂಗಡ್ಡೆ, ಟೋಸ್ಟ್. ಹಾಗಾಗಿ ಅಡುಗೆ ಸಾಮಾನು ನಿಮ್ಮದೇ ಇರಲಿ. ಊರಿನಿಂದ ಬರುವವರು ವಿಮಾನದಲ್ಲಿ ತಂದ ತಿಂಡಿ, ಮಸಾಲೆ, ಬೀಜ ಯಾವುದನ್ನೇ ಆಗಲಿ ಪ್ರಯಾಣಿಕರ ಕಾರ್ಡಿನಲ್ಲಿ ಬರೆದು ತೋರಿಸಿ, ಮುಚ್ಚಿಟ್ಟರೆ ದಂಡ ಜೋರು. ಕರಿಬೇವಿನ ಎಲೆಯನ್ನಂತೂ ತರಲೇಬೇಡಿ. ಅಡಿಲೇಡ್‌ನ ಇಂಡಿಯನ್ ಅಂಗಡಿಗಳಲ್ಲಿ ಎಲ್ಲವೂ ಸಿಗುತ್ತದೆ. ಬೇರೆ ರಾಜ್ಯದಿಂದ ಸೌತ್ ಆಸ್ಟ್ರೇಲಿಯಾಕ್ಕೆ ಗಾಡಿಯಲ್ಲಿ ಬರುವವರು ಹಣ್ಣು, ಟೊಮೇಟೊ, ಮೆಣಸಿನಕಾಯಿ ತರುವಂತಿಲ್ಲ. ಹಣ್ಣಿನ ನೊಣ ಹರಡಬಾರದು ಅಂತ ಈ ಕಾನೂನು. ಡಾರ್ವಿನ್‌ನಿಂದ ಉಲ್ಟಾ ಹೊರಟರೂ ಇದೇ ನಿಯಮ.

ಅವಲಕ್ಕಿ, ರವೆ, ಹುಳಿಯನ್ನದ ಗೊಜ್ಜು, ಚಟ್ನಿಪುಡಿ, ಬೇಗ ಬೇಯುವ ಹೆಸರುಬೇಳೆ. ಇಷ್ಟಿದ್ದರೆ ಎರಡು ವಾರ ಸಲೀಸು. ತೊಗರಿಬೇಳೆ ಬೇಯಿಸುತ್ತಾ ಕೂತರೆ ಗ್ಯಾಸ್ ಮುಗಿಯುತ್ತದೆ, ಸಣ್ಣ ಕುಕ್ಕರ್ ಇದ್ದರೆ ಮಾತು ಬೇರೆ. ಮಧ್ಯಾಹ್ನಕ್ಕೆ ಬೆಳಿಗ್ಗೆಯೇ ಕಲಸಿಟ್ಟುಬಿಡಿ. ಹಗಲು ನೊಣಗಳು ಬಾಯಿಗೇ ಬರುತ್ತವೆ, ಹೊರಗೆ ನಿಂತು ಒಗ್ಗರಣೆ ಹಾಕುವ ಆಸೆ ಬಿಡಿ. ಮುಖಕ್ಕೆ ಹಾಕುವ ಬಲೆ ಕೊಂಡುಕೊಳ್ಳಿ, ತುಂಬಾ ಉಪಯೋಗಕ್ಕೆ ಬರುತ್ತದೆ.

ಒಲೆ ಹಚ್ಚುವಾಗ ಕಿಟಕಿ ತೆರೆದಿರಲಿ. ರಾತ್ರಿ ಚಳಿ ಅಂತ ಒಲೆಯನ್ನು ಹೀಟರ್ ಥರ ಉರಿಸಿ ಮಲಗಬೇಡಿ, ದಯವಿಟ್ಟು. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಗಾಳಿಗೆ ವಾಸನೆಯೇ ಇಲ್ಲ, ನಿದ್ದೆಯಲ್ಲಿರುವವರಿಗೆ ಗೊತ್ತೇ ಆಗುವುದಿಲ್ಲ. ಬೆಂಕಿ ನಿಷೇಧದ ದಿನಗಳಲ್ಲಿ ಹೊರಗೆ ಯಾವ ಒಲೆ ಹಚ್ಚಬಹುದು, ಯಾವುದು ಕೂಡದು ಅಂತ ಆಯಾ ರಾಜ್ಯದ ನಿಯಮ ನೋಡಿಕೊಳ್ಳಿ.

ಹಂತ 6: ಓಡಿಸುವುದು

ನಾರ್ದರ್ನ್ ಟೆರಿಟರಿಯಲ್ಲಿ ಹೈವೇ ವೇಗದ ಮಿತಿ ಬಹುಪಾಲು 130. ಸೌತ್ ಆಸ್ಟ್ರೇಲಿಯಾದಲ್ಲಿ 110. ಆ ಬೋರ್ಡ್ ನಿಮ್ಮ ವ್ಯಾನಿಗಲ್ಲ ಅಂದುಕೊಳ್ಳಿ. 95ರಲ್ಲಿ ಓಡಿಸಿದರೆ ಡೀಸೆಲ್ ಉಳಿಯುತ್ತದೆ, ಬ್ರೇಕ್ ಹಿಡಿದಾಗ ಗಾಡಿ ನಿಲ್ಲುತ್ತದೆ.

ರೋಡ್ ಟ್ರೇನ್ ಅಂದರೆ ಮೂರು ನಾಲ್ಕು ಟ್ರೇಲರ್ ಎಳೆಯುವ ಲಾರಿ, 53.5 ಮೀಟರ್‌ವರೆಗೂ ಉದ್ದ. ಅದನ್ನು ಓವರ್‌ಟೇಕ್ ಮಾಡುವ ಲೆಕ್ಕ ಒಂದು ಸಲ ಮನಸ್ಸಿನಲ್ಲೇ ಹಾಕಿ. ಅದು 90ರಲ್ಲಿ, ನೀವು 110ರಲ್ಲಿ ಹೋದರೆ ಪೂರ್ತಿ ದಾಟಿ ಎಡಕ್ಕೆ ಬರಲು ಅರ್ಧ ನಿಮಿಷ ಬೇಕು. ಅಷ್ಟರಲ್ಲಿ ನೀವು ಸುಮಾರು ಒಂದು ಕಿ.ಮೀ. ಹೋಗಿರುತ್ತೀರಿ, ಎದುರಿನಿಂದ ಬರುವ ಗಾಡಿಯೂ ಅಷ್ಟೇ ದೂರ ಬಂದಿರುತ್ತದೆ. ಅಂದರೆ ಎದುರಿಗೆ ಎರಡು ಕಿ.ಮೀ. ಖಾಲಿ ಕಾಣಬೇಕು. ಕಾಣದಿದ್ದರೆ ಹಿಂದೆಯೇ ಇರಿ, ಅಥವಾ ನಿಲ್ಲಿಸಿ ಕಾಫಿ ಮಾಡಿಕೊಳ್ಳಿ. ಅದು ಎದುರಿನಿಂದ ಬಂದರೆ ಸ್ವಲ್ಪ ವೇಗ ಇಳಿಸಿ, ಎಡಕ್ಕೆ ಸರಿಯಿರಿ, ಸ್ಟೀರಿಂಗ್ ಎರಡೂ ಕೈಯಲ್ಲಿ ಬಿಗಿಯಾಗಿರಲಿ. ಗಾಳಿ ಮೊದಲು ತಳ್ಳುತ್ತದೆ, ಆಮೇಲೆ ಎಳೆಯುತ್ತದೆ. ಲಾರಿ ಚಾಲಕರು ಯುಎಚ್‌ಎಫ್ ರೇಡಿಯೊದಲ್ಲಿ ಚಾನೆಲ್ 40ರಲ್ಲಿ ಮಾತಾಡಿಕೊಳ್ಳುತ್ತಾರೆ. ಕೈಯಲ್ಲಿ ಹಿಡಿಯುವ ಸಣ್ಣ ಸೆಟ್ ಒಂದಿದ್ದರೆ ಮುಂದೆ ಏನಾಗಿದೆ ಅಂತ ತಿಳಿಯುತ್ತದೆ.

ಪ್ರಾಣಿ ಅಡ್ಡ ಬಂದರೆ ನೇರವಾಗಿ ಬ್ರೇಕ್ ಹಿಡಿಯಿರಿ, ಸ್ಟೀರಿಂಗ್ ತಿರುಗಿಸಬೇಡಿ. ಹೇಳುವುದು ಸುಲಭ, ನನಗೂ ಗೊತ್ತು, ಕೈ ತಾನಾಗಿಯೇ ತಿರುಗುತ್ತದೆ. ಆದರೆ ಎತ್ತರದ ವ್ಯಾನ್ ಮಣ್ಣಿನ ಅಂಚಿಗೆ ಇಳಿದರೆ ಪಲ್ಟಿಯಾಗುತ್ತದೆ, ಜೀವ ಹೋಗುವುದು ಅಲ್ಲಿ. ಟೆರಿಟರಿಯಲ್ಲಿ ಬಹಳ ಕಡೆ ಬೇಲಿಯೇ ಇಲ್ಲ, ದನಗಳು ರಸ್ತೆಗೆ ಬರುತ್ತವೆ. ಹಗಲು ಇನ್ನೊಂದು ಅಪಾಯ ಹದ್ದುಗಳದ್ದು. ಸತ್ತ ಕಾಂಗರೂ ತಿನ್ನುತ್ತಾ ಕೂತ ದೊಡ್ಡ ಹದ್ದು ಹೊಟ್ಟೆ ತುಂಬಿ ಭಾರವಾಗಿರುತ್ತದೆ, ಬೇಗ ಏಳಲಾರದು, ಎದ್ದರೂ ಗಾಜಿನ ಎತ್ತರಕ್ಕೇ ಏಳುತ್ತದೆ. ದೂರದಿಂದಲೇ ಹಾರ್ನ್ ಹೊಡೆದು ನಿಧಾನ ಮಾಡಿ.

ಎರಡು ಗಂಟೆಗೊಮ್ಮೆ ಇಳಿಯಿರಿ. ರಸ್ತೆ ನೇರ, ತಿರುವಿಲ್ಲ, ನಿದ್ದೆ ಹೇಳದೆ ಕೇಳದೆ ಬರುತ್ತದೆ. ಎದುರು ಬರುವ ಚಾಲಕರು ಸ್ಟೀರಿಂಗ್‌ನಿಂದ ಒಂದು ಬೆರಳೆತ್ತಿ ನಮಸ್ಕಾರ ಮಾಡುತ್ತಾರೆ, ನೀವೂ ಎತ್ತಿ. ಎಷ್ಟು ಖುಷಿ ಕೊಡುತ್ತದೆ ಗೊತ್ತಾ!

ಹಂತ 7: ರಾತ್ರಿ ತಂಗುವುದು

ಹೈವೇ ಬದಿಯಲ್ಲಿ ವಿಶ್ರಾಂತಿ ತಾಣಗಳಿವೆ. ಕೆಲವು ಕಡೆ 24 ಗಂಟೆ ನಿಲ್ಲಲು ಬಿಡುತ್ತಾರೆ, ದುಡ್ಡಿಲ್ಲ. ಬೋರ್ಡ್ ಓದಿ. ಲಾರಿಗಳಿಗೆ ಅಂತಲೇ ಇರುವ ಜಾಗದಲ್ಲಿ ನಿಲ್ಲಿಸಬೇಡಿ, ಅವರಿಗೆ ನಿದ್ದೆ ಮಾಡಲು ಬೇರೆ ಜಾಗ ಇಲ್ಲ. ಮೂರು ದಿನಕ್ಕೊಮ್ಮೆ ಕ್ಯಾರವಾನ್ ಪಾರ್ಕ್‌ಗೆ ಹೋಗಿ: ಬಿಸಿನೀರು, ಕರೆಂಟ್, ವಾಷಿಂಗ್ ಮೆಷಿನ್. ಟಾಯ್ಲೆಟ್ ಕ್ಯಾಸೆಟ್ಟನ್ನು, ಅಂದರೆ ವ್ಯಾನಿನ ಟಾಯ್ಲೆಟ್ ಕೆಳಗಿನ ಡಬ್ಬವನ್ನು, ಅದಕ್ಕೆಂದೇ ಇರುವ ಡಂಪ್ ಪಾಯಿಂಟ್‌ನಲ್ಲಿ ಮಾತ್ರ ಖಾಲಿ ಮಾಡಬೇಕು, ಪೊದೆಯಲ್ಲಿ ಖಂಡಿತ ಅಲ್ಲ. ಉಲುರು ಪಾರ್ಕಿನ ಒಳಗೆ ತಂಗುವಂತಿಲ್ಲ, ಯುಲಾರಾದಲ್ಲೇ ಇರಬೇಕು. ಜುಲೈ ಶಾಲಾ ರಜೆಯಲ್ಲಿ ತಿಂಗಳುಗಳ ಮೊದಲೇ ತುಂಬಿಹೋಗುತ್ತದೆ. ಕಾರ್ಲು ಕಾರ್ಲು ಥರದ ಟೆರಿಟರಿ ಪಾರ್ಕ್‌ಗಳಿಗೆ ಪಾಸ್ ಬೇರೆ, ಉಲುರು ಪಾಸ್ ಬೇರೆ. ಎರಡನ್ನೂ ಸಿಗ್ನಲ್ ಇರುವಾಗಲೇ ಆನ್‌ಲೈನ್‌ನಲ್ಲಿ ಮಾಡಿಟ್ಟುಕೊಳ್ಳಿ.

ಊಟ ಆದ ಮೇಲೆ ದೀಪ ಆರಿಸಿ ಹತ್ತು ನಿಮಿಷ ಹೊರಗೆ ಕೂರಿ. ಆಕಾಶಗಂಗೆ ಹಾಲು ಚೆಲ್ಲಿದ ಹಾಗೆ ಕಾಣುತ್ತದೆ. ನನ್ನ ಅಜ್ಜ ಅಂಗಳದಲ್ಲಿ ಮಲಗಿಸಿಕೊಂಡು ತೋರಿಸುತ್ತಿದ್ದ ನಕ್ಷತ್ರಗಳಲ್ಲಿ ಎಷ್ಟೋ ಇಲ್ಲಿ ತಲೆಕೆಳಗಾಗಿವೆ.

ಹಂತ 8: ಕೆಟ್ಟು ನಿಂತರೆ

ವ್ಯಾನ್ ಬಿಟ್ಟು ನಡೆಯಬೇಡಿ. ಔಟ್‌ಬ್ಯಾಕ್ ಅನ್ನುವ ಈ ಜನವಿರಳ ಒಣ ಸೀಮೆಯಲ್ಲಿ ಪ್ರಾಣ ಕಳೆದುಕೊಂಡ ಎಷ್ಟೋ ಜನ ಗಾಡಿ ಬಿಟ್ಟು ನೀರು, ಸಹಾಯ ಹುಡುಕುತ್ತಾ ಹೋದವರು. ಗಾಡಿ ಮೇಲಿನಿಂದ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ. ರಸ್ತೆ ಬದಿಗೆ ತಂದು ಬಾನೆಟ್ ಎತ್ತಿ, ನೆರಳಲ್ಲಿ ಕೂರಿ. ಸ್ಟುವರ್ಟ್ ಹೈವೇಯಲ್ಲಿ ಹಗಲು ಜಾಸ್ತಿ ಹೊತ್ತು ಕಾಯಬೇಕಾಗುವುದಿಲ್ಲ, ಯಾರಾದರೂ ನಿಲ್ಲಿಸಿಯೇ ನಿಲ್ಲಿಸುತ್ತಾರೆ. ನೀವೂ ಬೇರೆಯವರಿಗೆ ನಿಲ್ಲಿಸಿ.

ತುರ್ತು ಸಂಖ್ಯೆ 000. ಊರು ಬಿಟ್ಟರೆ ಸ್ವಲ್ಪವಾದರೂ ಸಿಗ್ನಲ್ ಸಿಗುವುದು ಹೆಚ್ಚಾಗಿ ಟೆಲ್‌ಸ್ಟ್ರಾ ಕಂಪನಿಯ ಸಿಮ್‌ನಲ್ಲಿ, ಅದೂ ಮಧ್ಯೆ ಗಂಟೆಗಟ್ಟಲೆ ಇರುವುದಿಲ್ಲ. ಐಫೋನ್ 14 ಮತ್ತು ನಂತರದವುಗಳಲ್ಲಿ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸಬಹುದು. ನನ್ನ ಸಲಹೆ, ಪಿಎಲ್‌ಬಿ ಅನ್ನುವ ಸಣ್ಣ ಬೀಕನ್ ಒಂದನ್ನು ಕೊಂಡುಕೊಳ್ಳಿ ಅಥವಾ ಬಾಡಿಗೆಗೆ ತನ್ನಿ. ಗುಂಡಿ ಒತ್ತಿದರೆ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಹೋಗುತ್ತದೆ. ಆಸ್ಟ್ರೇಲಿಯಾದ ಸಾಗರ ಸುರಕ್ಷತಾ ಪ್ರಾಧಿಕಾರದಲ್ಲಿ ಅದನ್ನು ಉಚಿತವಾಗಿ ನೋಂದಾಯಿಸಬೇಕು. ಜೀವಕ್ಕೆ ಅಪಾಯ ಇದ್ದಾಗ ಮಾತ್ರ ಒತ್ತಬೇಕು. 1928ರಿಂದ ನಡೆಯುತ್ತಿರುವ ರಾಯಲ್ ಫ್ಲೈಯಿಂಗ್ ಡಾಕ್ಟರ್ ಸರ್ವಿಸ್‌ನ ವಿಮಾನ ಇಳಿಯಲು ಹೈವೇಯಲ್ಲೇ ಕೆಲವು ಕಡೆ ಪಟ್ಟಿ ಬಳಿದು ಗುರುತು ಮಾಡಿದ್ದಾರೆ. ಅದರ ಮೇಲೆ ಹೋಗುವಾಗ ಮನಸ್ಸು ಮೆತ್ತಗಾಗುತ್ತದೆ.

ಹಂತ 9: ಆ ನೆಲದವರ ಮಾತು

ಉಲುರು 348 ಮೀಟರ್ ಎತ್ತರದ ಬಂಡೆ, ಅಲ್ಲಿನ ಮೂಲನಿವಾಸಿ ಅನಂಗು ಜನರಿಗೆ ಪವಿತ್ರ. 1985ರ ಅಕ್ಟೋಬರ್ 26ರಂದು ಆ ಭೂಮಿ ಅವರಿಗೆ ವಾಪಸ್ ಬಂತು, 2019ರ ಅದೇ ದಿನಾಂಕದಿಂದ ಹತ್ತುವುದು ನಿಂತಿತು. ಸುತ್ತಲೂ 10.6 ಕಿ.ಮೀ. ನಡೆಯಿರಿ, ಬೆಳಿಗ್ಗೆಯೇ ಶುರು ಮಾಡಿ. ಕೆಲವು ಭಾಗಗಳ ಫೋಟೊ ತೆಗೆಯಬೇಡಿ ಅಂತ ಬೋರ್ಡ್ ಇದೆ. ದೇವಸ್ಥಾನದ ಗರ್ಭಗುಡಿ ಎದುರು ನಾವು ಕ್ಯಾಮೆರಾ ಒಳಗಿಡುತ್ತೇವೆ, ಅಲ್ವಾ? ಅಷ್ಟೇ. ಕಾರ್ಲು ಕಾರ್ಲುವಿನ ಕಲ್ಲುಗಳನ್ನೂ ಹತ್ತಬೇಡಿ. ಹೈವೇ ಬಿಟ್ಟು ಆದಿವಾಸಿಗಳ ಭೂಮಿಗೆ ಹೋಗಲು ಪರ್ಮಿಟ್ ಬೇಕಾಗುತ್ತದೆ. ಅವರ ಊರುಗಳಲ್ಲಿ ಬಹಳಷ್ಟು ಕಡೆ ಮದ್ಯಕ್ಕೆ ನಿಷೇಧ ಇದೆ.

ಕಾಟಾ ಜುಟಾದ ವ್ಯಾಲಿ ಆಫ್ ದಿ ವಿಂಡ್ಸ್ ದಾರಿಯ ಒಳಭಾಗವನ್ನು 36 ಡಿಗ್ರಿ ಮುನ್ಸೂಚನೆ ಇದ್ದ ದಿನ ಬೆಳಿಗ್ಗೆ 11ಕ್ಕೆ ಮುಚ್ಚುತ್ತಾರೆ. ಮಟರಂಕಾದಿಂದಲೇ ಮೊಸಳೆ ಸೀಮೆ. ಈಜಬಹುದು ಅಂತ ಬೋರ್ಡ್ ಇಲ್ಲದ ನೀರಿಗೆ ಕಾಲೂ ಇಡಬೇಡಿ, ನೀರು ಎಷ್ಟೇ ತಿಳಿಯಾಗಿರಲಿ.

ಹಂತ 10: ಡಾರ್ವಿನ್‌ನಲ್ಲಿ ಕೀಲಿ ಕೊಡುವುದು

ಹಿಂದಿನ ದಿನ ಮಧ್ಯಾಹ್ನವೇ ಊರು ಸೇರಿ. ಕ್ಯಾಸೆಟ್ ಖಾಲಿ ಮಾಡಿ, ಟ್ಯಾಂಕ್ ತುಂಬಿಸಿ ರಸೀದಿ ಇಟ್ಟುಕೊಳ್ಳಿ. ಉಳಿದ ಅಕ್ಕಿ, ಬೇಳೆಯನ್ನು ಕ್ಯಾರವಾನ್ ಪಾರ್ಕ್‌ನ ಅಡುಗೆಮನೆಯಲ್ಲಿ ಕೇಳಿದವರಿಗೆ ಕೊಡಿ. ಕೆಂಧೂಳು ಬಾಗಿಲ ಸಂದಿಯಲ್ಲಿ, ಫ್ರಿಜ್ ಹಿಂದೆ, ಹಾಸಿಗೆ ಕೆಳಗೆ ಸೇರಿರುತ್ತದೆ. ಒಣ ಬಟ್ಟೆಯಲ್ಲಿ ಮೊದಲು ಗುಡಿಸಿ, ಆಮೇಲೆ ಒರೆಸಿ, ಮೊದಲೇ ಒದ್ದೆ ಮಾಡಿದರೆ ಕಲೆ ಕೂರುತ್ತದೆ. ಕೀಲಿ ಕೊಡುವ ಮೊದಲು ಗಾಜು, ನಾಲ್ಕು ಮೂಲೆ, ಛಾವಣಿ, ಒಳಗೆ, ಮೀಟರ್ ಎಲ್ಲದರ ಫೋಟೊ ತೆಗೆದು, ತೆಗೆದುಕೊಂಡ ದಿನದ ಫೋಟೊಗಳ ಪಕ್ಕ ಇಟ್ಟು ನೋಡಿ. ಗಾಜಿಗೆ ಕಲ್ಲು ಬಡಿದ ಚುಕ್ಕೆ ಇದ್ದರೆ ನೀವೇ ಮೊದಲು ಹೇಳಿ.